ಹುಣಸೆ ಮಂಡಿಯ ಮಳೆಗಾಲ

ಹೋದ ತಿಂಗಳು ಕೆಂಗಲ್ ಹತ್ತಿರ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ ಪಕ್ಕದ ಹಳೆಯ ಛತ್ರದ ರಿಪೇರಿ ನಡೆದಿತ್ತು. ಗುಂಡಿಯಲ್ಲಿ ಸುಣ್ಣ ಅರಳುತ್ತಿತ್ತು. ಪಕ್ಕದ ಡ್ರಮ್ಮಿನಲ್ಲಿ ಬೆಲ್ಲ ಮತ್ತು ಅಳಲೆಕಾಯಿ ಕೊಳೆಯಲು ಬಿಟ್ಟ ನೀರು. ಎರಡೂ ಸೇರಿದಾಗ ಏಳುವ ಆ ಹುಳಿಹುಳಿ, ಬೆಚ್ಚನೆಯ ವಾಸನೆಗೆ ಜೊತೆಯಲ್ಲಿದ್ದವರು ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದರು. ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಪಾಲಿಗೆ ಅದು ಒಂದು ಮಳೆಗಾಲದ ವಾಸನೆ. ಕನಕಪುರದಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಳೆಗಾಲ.

ಆಗ ನನಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಮನೆ ರಾಮನಗರದಲ್ಲಿ. ಯಜಮಾನರು ಬಿಡದಿಯ ಕಾರ್ಖಾನೆಯ ಶಿಫ್ಟಿಗೆ ಒಂದು ದಿಕ್ಕಿಗೆ ಹೊರಟರೆ, ನಾನು ಕನಕಪುರದ ಬಸ್ಸಿಗೆ ಇನ್ನೊಂದು ದಿಕ್ಕಿಗೆ ಹೊರಡುತ್ತಿದ್ದೆ. ಬೆಳಗಿನ ಹೊತ್ತು ಆ ಬಸ್ಸು ಬರುವಾಗಲೇ ಗೂಡಿನ ಚೀಲಗಳನ್ನು ಇಳಿಸಿ ಬಂದಿರುತ್ತಿತ್ತು. ಸೀಟಿನ ಕೆಳಗೆಲ್ಲ ರೇಷ್ಮೆಯ ಎಳೆ, ಒಂದು ಥರದ ಕಮಟು. ಕಿಟಕಿಯಾಚೆ ಬಂಡೆಗಳ ನೆತ್ತಿಗೆ ಮಂಜು ಕೂತಿರುತ್ತಿತ್ತು. ನಾನು ಕಿರಿಯ ಎಂಜಿನಿಯರ್. ಕಾಲೇಜಿನಲ್ಲಿ ಕಾಂಕ್ರೀಟು, ಕಬ್ಬಿಣದ ಲೆಕ್ಕಗಳನ್ನು ಚೆನ್ನಾಗಿ ಕಲಿತಿದ್ದೆ. ಗಾರೆ, ಸುಣ್ಣ, ತೊಲೆಗಳ ಮೇಲೆ ಇಟ್ಟಿಗೆ ಜೋಡಿಸುವ ಮದ್ರಾಸ್ ತಾರಸಿ ಎಂಬವೆಲ್ಲ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗಿದ್ದವು.

ಆ ವರ್ಷ ಮಳೆ ಶುರುವಾಗುತ್ತಲೇ ತಾಲ್ಲೂಕಿನಲ್ಲಿ ಎಲ್ಲೋ ಒಂದು ಮನೆಯ ಗೋಡೆ ಬಿತ್ತು. ಹಳೆಯ ಕಟ್ಟಡಗಳನ್ನೆಲ್ಲ ನೋಡಿ ವರದಿ ಕೊಡಿ ಎಂದು ನಮಗೆ ಹೇಳಿದರು. ಅದೇ ವಾರ ಒಬ್ಬರು ಕಚೇರಿಗೆ ಬಂದು, ಪೇಟೆ ಬೀದಿಯ ಹುಣಸೆ ಮಂಡಿ ಬೀಳುವ ಹಾಗಿದೆ, ಕೆಡವಲು ಆರ್ಡರ್ ಮಾಡಿ ಎಂದು ಅರ್ಜಿ ಕೊಟ್ಟರು. ಬೇರೆಯವರ ಕಟ್ಟಡದ ಮೇಲೆ ದೂರು ಕೊಡುವವರನ್ನು ನೋಡಿದ್ದೆ. ಇವರು ದೂರು ಕೊಟ್ಟಿದ್ದು ತಮ್ಮದೇ ಕಟ್ಟಡದ ಮೇಲೆ. ಹೆಸರು ಶಿವಣ್ಣ. ಬೆಂಗಳೂರು ಕಡೆಯ ರಸ್ತೆಯಲ್ಲಿ ಟೈಲ್ಸು, ಗ್ರಾನೈಟಿನ ಅಂಗಡಿ ಇಟ್ಟಿದ್ದರು. ಮಂಡಿ ಅವರಿಗೂ ಅವರ ಅಕ್ಕನಿಗೂ ಸೇರಿದ್ದು, ನಡೆಸುತ್ತಿದ್ದವರು ಅಕ್ಕ.

"ಅಕ್ಕಂಗೆ ಏಳಿ ಏಳಿ ಸಾಕಾಗೋಗೈತೆ ಮೇಡಂ," ಎಂದರು ಶಿವಣ್ಣ. "ಹೋದ್ವಾರ ಜಗಲಿ ಮ್ಯಾಲೆ ಕೂತಿದ್ದ ಟೈಲರ್ ಮ್ಯಾಲೆ ಗಾರೆ ಬಿತ್ತು. ನಾಳೆ ಗೋಡೆನೇ ಬಿದ್ರೆ? ನಾನ್ ಏಳಿದ್ರೆ ಕೇಳಕಿಲ್ಲ. ಕಾಗದದಲ್ಲಿ ಬಂದ್ರೆ ಕೇಳ್ತಾಳೆ."

ನಮ್ಮ ಸಾಹೇಬರು ನಿವೃತ್ತಿಯ ಹತ್ತಿರ ಇದ್ದವರು, ಮಾತು ಕಡಿಮೆ. ಅರ್ಜಿಯನ್ನು ನನ್ನ ಮುಂದೆ ಸರಿಸಿ, "ಹೋಗಿ ನೋಡಮ್ಮ. ನೋಡಿದ್ದನ್ನ ಬರಿ. ಕೇಳಿದ್ದನ್ನ ಬರೀಬೇಡ," ಎಂದರು.

ಪೇಟೆ ಬೀದಿಯಲ್ಲಿ ಮೊಬೈಲ್ ಅಂಗಡಿ, ಬಟ್ಟೆ ಅಂಗಡಿಗಳ ಬೋರ್ಡುಗಳ ನಡುವೆ ಆ ಕಟ್ಟಡ ನಿಂತಿತ್ತು. ಕಲ್ಲಿನ ಕಂಬಗಳ ಉದ್ದನೆಯ ಜಗಲಿ. ಮೇಲೊಂದು ಅಂತಸ್ತು, ಸಣ್ಣ ಸಣ್ಣ ಕಮಾನಿನ ಕಿಟಕಿಗಳು. ತಾರಸಿಯ ಕೈಪಿಡಿ ಗೋಡೆಯ ಮೇಲೆ ಗಾರೆಯಲ್ಲಿ ಏನೋ ಉಬ್ಬುಕೆತ್ತನೆ ಮಾಡಿದ್ದರು. ದೇವರೋ ಗಿಳಿಯೋ ಇರಬೇಕು ಎಂದುಕೊಂಡು ತಲೆಯೆತ್ತಿ ನೋಡಿದರೆ, ರಾಗಿ ತೆನೆ! ಬೆರಳು ಮಡಿಸಿದ ಹಸ್ತದಂತಹ ರಾಗಿ ತೆನೆಗಳು ಎರಡೂ ಕಡೆಯಿಂದ ಬಾಗಿ ಬಂದು, ನಡುವೆ ಒಂದು ತಕ್ಕಡಿ. ಮಳೆ ಬಿಸಿಲಿಗೆ ಕಪ್ಪಾಗಿತ್ತು, ಆದರೆ ಒಂದೊಂದು ಕಾಳೂ ಕಾಣುತ್ತಿತ್ತು.

ಒಳಗೆ ಕಾಲಿಟ್ಟ ಕೂಡಲೇ ಹುಣಸೆಹಣ್ಣಿನ ವಾಸನೆ, ಹುಚ್ಚೆಳ್ಳಿನ ಎಣ್ಣೆ ವಾಸನೆ, ಮೇಲಿಂದ ಬೀಳುವ ಬೆಳಕು. ಗದ್ದಿಗೆಯ ಮೇಲೆ ಕನ್ನಡಕ ಹಾಕಿಕೊಂಡ, ಗಟ್ಟಿ ಮೈಯ ಹೆಂಗಸೊಬ್ಬರು ಕೂತಿದ್ದರು. ಶಿವಣ್ಣನ ಅಕ್ಕ ಮಹದೇವಮ್ಮ.

"ಬಾರವ್ವ, ನೀನೇನಾ ನಮ್ಮ ಮಂಡಿ ಕೆಡವಕ್ಕೆ ಬಂದಿರೋ ಎಂಜಿನಿಯರು?"

"ಕೆಡವೋಕಲ್ಲಮ್ಮ, ನೋಡೋಕೆ ಬಂದಿದೀನಿ."

"ನೋಡು, ನೋಡು. ಚೆಂದಾಗಿ ನೋಡು. ಮೊದ್ಲು ಒಸಿ ಮಜ್ಜಿಗೆ ಕುಡಿ. ಬಿಸಿಲಲ್ಲಿ ಬಂದಿದ್ದೀಯ."

ಹೊರಗೆ ಧಗೆ ಇತ್ತು. ಒಳಗೆ ಫ್ಯಾನೇ ಇರಲಿಲ್ಲ, ಆದರೂ ಬೆವರು ಆರುತ್ತಿತ್ತು. ಮಜ್ಜಿಗೆ ಕುಡಿಯುತ್ತ ಅದನ್ನು ನಾನು ಗಮನಿಸಿದೆ, ಏಕೆ ಎಂದು ಆಗ ತಿಳಿಯಲಿಲ್ಲ.

ದೂರಿನ ಗೋಡೆ ಜಗಲಿಯ ತುದಿಯ ಮೂಲೆಯದು. ಅಲ್ಲಿ ಟೈಲರ್ ಜಬ್ಬಾರ್ ಸಾಹೇಬರ ಮೆಷೀನು. ಅವರ ಅಪ್ಪನ ಕಾಲದಿಂದ ಆ ಮೂಲೆ ಅವರದೇ. ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು ಬುಡದಿಂದ ಮೇಲಕ್ಕೆ ಹತ್ತಿತ್ತು. ಪಕ್ಕದಲ್ಲಿ ತಟ್ಟೆಯಗಲ ಗಾರೆ ಕಿತ್ತು ಬಿದ್ದಿತ್ತು. ಗೋಡೆ ಕೈಗೆ ತಣ್ಣಗೆ, ಒದ್ದೆಯಾಗಿ ತಾಕಿತು.

"ಮೆಷೀನ್ ಮೇಲೆ ಬೀಳ್ತದೆ ಅಂತ ನಾನು ಅಡ್ಡ ಬಂದೆ ಮೇಡಂ," ಎಂದು ಜಬ್ಬಾರ್ ಸಾಹೇಬರು ಭುಜ ನೀವಿಕೊಂಡರು. "ಭುಜ ಆದ್ರೆ ತಾನೇ ಸರಿ ಹೋಗ್ತದೆ. ಮೆಷೀನ್ ಹೋದ್ರೆ ಪಾರ್ಟ್ಸ್ ಎಲ್ಲಿ ಸಿಗ್ತದೆ?"

ನನ್ನ ಜೊತೆ ಬಂದಿದ್ದ ಶಿವಣ್ಣ ನಗಲಿಲ್ಲ. ಆ ಗೋಡೆಯಿಂದ ದೂರದಲ್ಲೇ ನಿಂತಿದ್ದರು. ನಾನು ಬಿರುಕಿಗೆ ಅಡ್ಡವಾಗಿ ಮೇಲೆ, ನಡುವೆ, ಬುಡದಲ್ಲಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಸೀಳುತ್ತದೆ. ಕೆಲವು ವಾರ ಮಳೆಯಲ್ಲಿ ನೋಡೋಣ, ಗಾಜು ಒಡೆದರೆ ಕಟ್ಟಡ ಇನ್ನೂ ಕದಲುತ್ತಿದೆ ಎಂದರ್ಥ, ಆಗ ಬರೆಯುತ್ತೇನೆ ಎಂದೆ. ಅಲ್ಲಿಯವರೆಗೆ ಆ ಮೂಲೆಯಲ್ಲಿ ಯಾರೂ ಕೂರಬಾರದು ಎಂದು ಹೇಳಿ ಜಬ್ಬಾರ್ ಸಾಹೇಬರನ್ನು ಜಗಲಿಯ ಇನ್ನೊಂದು ತುದಿಗೆ ಕಳಿಸಿದೆ. ಅವರು ಗೊಣಗುತ್ತ ಮೆಷೀನು ಎಳೆದುಕೊಂಡು ಬಂದರು.

ಹಾಗೆ ಶುರುವಾಯಿತು ನನ್ನ ಮಂಡಿಯ ಓಡಾಟ. ಗಾಜು ನೋಡುವ ನೆವದಲ್ಲಿ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಊಟದ ಡಬ್ಬಿಯನ್ನೂ ಅಲ್ಲಿಗೇ ಒಯ್ಯತೊಡಗಿದೆ. ಮಹದೇವಮ್ಮ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದರು. ಉಪ್ಸಾರು ಇದ್ದ ದಿನ ನನ್ನ ಚಪಾತಿ ಹಾಗೇ ವಾಪಸು ಬರುತ್ತಿತ್ತು.

ಕಟ್ಟಿಸಿದವರು ಅವರ ತಾತ. ಮಹಾರಾಜರ ಕಾಲ. ಕಾಡಂಚಿನ ಹಳ್ಳಿಗಳಿಂದ ಹುಣಸೆ, ಸೀಗೆ, ಜೇನು ಇಳಿದು ಬರುತ್ತಿತ್ತು. ಸುತ್ತಿನ ಹೊಲಗಳಿಂದ ರಾಗಿ, ಹುರುಳಿ. ಇಲ್ಲಿ ತೂಕವಾಗಿ ಗಾಡಿಗಳಲ್ಲಿ ಬೆಂಗಳೂರಿನ ಕಡೆಗೂ ತಮಿಳುಸೀಮೆಯ ಕಡೆಗೂ ಹೋಗುತ್ತಿತ್ತು. ಗಾರೆ ಕೆಲಸದವರು ತಮಿಳುಸೀಮೆಯಿಂದ ಬಂದು ಹಿತ್ತಲಲ್ಲೇ ಬಿಡಾರ ಹೂಡಿದ್ದರಂತೆ. ಮುಂದಿನ ಗೋಡೆಯ ಮೇಲೆ ಯಾವ ದೇವರನ್ನು ಮಾಡಲಿ ಎಂದು ಕೇಳಿದರೆ ತಾತ, "ದೇವ್ರು ಒಳಗೆ ಅವ್ನೆ. ಆಚೆಗೆ ನಾವು ಉಣ್ಣೋದನ್ನ ಮಾಡು," ಎಂದರಂತೆ.

ನಾನು ನೋಡಿದ ಕಟ್ಟಡಗಳಲ್ಲೆಲ್ಲ ಮೊದಲು ಗೋಡೆ ಎದ್ದು, ಆಮೇಲೆ ಅದರೊಳಗೆ ಕೆಲಸ ಹೇಗೋ ಹೊಂದಿಕೊಳ್ಳುತ್ತಿತ್ತು. ಇಲ್ಲಿ ಕೆಲಸವೇ ಗೋಡೆ ಎಬ್ಬಿಸಿತ್ತು. ಜಗಲಿ ಏಕೆ ಅಷ್ಟು ಎತ್ತರ ಎಂದು ಕೇಳಿದೆ. ಎತ್ತಿನ ಗಾಡಿಯ ಹಲಗೆಗೆ ಸಮನಾಗಿ ಕಟ್ಟಿದ್ದರು. ಮೂಟೆ ಇಳಿಸುವುದೇ ಬೇಡ, ಜಾರಿಸಿದರೆ ಸಾಕು. ಬಾಗಿಲು ಏಕೆ ಅಷ್ಟು ಅಗಲ? ಮೂಟೆ ಹೊತ್ತು ಒಳಗೆ ಬರುವವನೂ ಹೊರಗೆ ಹೋಗುವವನೂ ಎದುರುಬದುರಾದರೆ ಒಬ್ಬನೂ ನಿಲ್ಲಬಾರದು. ಒಳಗಿನ ನೆಲ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ನಡುವಿನ ತೊಟ್ಟಿಯ ಕಡೆಗೆ, ಅಂದರೆ ಮೇಲೆ ಆಕಾಶಕ್ಕೆ ತೆರೆದ ಚೌಕದ ಕಡೆಗೆ, ಬಾಗಿತ್ತು. ಎಲ್ಲಿ ನೀರು ಬಿದ್ದರೂ ಮೂಟೆಯ ಬುಡದಲ್ಲಿ ನಿಲ್ಲದೆ ಅಲ್ಲಿಗೆ ಹರಿಯುತ್ತಿತ್ತು. ನಾನು ರಸಮಟ್ಟ ಇಟ್ಟು ನೋಡಿದಾಗಲೇ ಅದು ಗೊತ್ತಾಗಿದ್ದು.

ಮೇಲಿನ ಅಂತಸ್ತು ಪೂರಾ ಹಲಗೆ ನೆಲ, ಹೊನ್ನೆ ಮರದ್ದು. ತೊಟ್ಟಿಯ ಪಕ್ಕದಲ್ಲಿ ನೆಲದಲ್ಲೇ ಒಂದು ಕಂಡಿ, ಅದರ ಮೇಲೆ ರಾಟೆ. ಕೆಳಗಿನಿಂದ ಹುಣಸೆಯ ಮಂಕರಿಗಳನ್ನು ಹಗ್ಗದಲ್ಲಿ ಎಳೆದು ಅಲ್ಲಿ ಒಣಗಲು ಹರಡುತ್ತಿದ್ದರು. ಸುತ್ತ ಸೂರಿನ ಕೆಳಗೆ ಗೋಡೆಯಲ್ಲಿ ಸಾಲಾಗಿ ಗಾಳಿಗಂಡಿಗಳು. ಮಳೆ ಎರಚಲು ಒಳಗೆ ಬಾರದ ಹಾಗೆ ಅವು ಒಳಗಿನಿಂದ ಹೊರಕ್ಕೆ ಇಳಿಜಾರು. ಬೀದಿಯ ಗಾಳಿ ಕೆಳಗಿನ ಬಾಗಿಲಲ್ಲಿ ನುಗ್ಗಿ, ಮೂಟೆಗಳ ಸಂದಿಯಲ್ಲಿ ಹಾದು, ತೊಟ್ಟಿಯ ಮೂಲಕವೂ ಕಂಡಿಯ ಮೂಲಕವೂ ಮೇಲೇರಿ ಹೋಗುತ್ತಿತ್ತು. ನನ್ನ ಬೆವರು ಏಕೆ ಆರುತ್ತಿತ್ತೆಂದು ಆಗ ತಿಳಿಯಿತು. ಆ ಗಾಳಿ ನನಗಾಗಿ ಕಟ್ಟಿದ್ದಲ್ಲ, ಹುಣಸೆಗಾಗಿ ಕಟ್ಟಿದ್ದು. ಹುಣಸೆಗೆ ಒಳ್ಳೆಯದಾಗಿದ್ದು ಮನುಷ್ಯರಿಗೂ ಒಳ್ಳೆಯದೇ ಆಗಿತ್ತು.

ತಾರಸಿಯ ಅಡಿ ನಿಂತು ತಲೆಯೆತ್ತಿದರೆ ಒತ್ತೊತ್ತಾಗಿ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆಗಳು. ಅವುಗಳ ಸಾಲು ಚಾಪೆಯ ಹೆಣಿಗೆಯ ಹಾಗೆ ಕಾಣುತ್ತಿತ್ತು. ಒಂದು ಕಡೆಯೂ ಕಬ್ಬಿಣವಿಲ್ಲ. ಆ ತೊಲೆಗಳು ಎಷ್ಟು ಭಾರ ಹೊರಬಲ್ಲವು ಎಂದು ನಾನು ಕೂತು ಲೆಕ್ಕ ಹಾಕಿದೆ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಂತು. ಮತ್ತೊಮ್ಮೆ ಹಾಕಿದೆ. ಅಷ್ಟೇ ಬಂತು. ಅವತ್ತು ರಾತ್ರಿ ಯಜಮಾನರಿಗೆ ಅದನ್ನೇ ಹೇಳುತ್ತ ಕೂತೆ. "ನಿಂಗೆ ಸಂಬಳ ಆ ಮಂಡಿಯವರು ಕೊಡ್ತಾರಾ?" ಎಂದು ಅವರು ನಕ್ಕರು.

ಆದರೆ ಶಿವಣ್ಣನನ್ನು ನೋಡಿದಾಗ ನನ್ನ ಉತ್ಸಾಹ ಇಳಿಯುತ್ತಿತ್ತು. ಅವರು ಕಾಂಪ್ಲೆಕ್ಸ್ ಕಟ್ಟುವ ಆಸೆಗೆ ಹೀಗೆ ಮಾಡುತ್ತಿದ್ದಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದ ಅವರು ತಾವಾಗಿಯೇ ಹೇಳಿದರು.

"ಕಾಲೇಜಲ್ಲಿ ಓದೋವಾಗ ನನ್ನ ದೋಸ್ತನ ಊರಿಗೆ ಓಗಿದ್ದೆ ಮೇಡಂ. ಬಿಡ್ದಂಗೆ ಮಳೆ. ನಾನು ಪಡಸಾಲೆಲಿ ಮಲಗಿದ್ದೆ, ಅವ್ನು ಒಳಗೆ ಗೋಡೆ ಪಕ್ಕ. ಬೆಳಗ್ಗೆ ಮಣ್ಣು ತೋಡಿದ್ದು ನಾನೇಯ. ಈ ಕೈಲೇಯ." ಕೈಯನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿದರು. "ಆ ಗೋಡೆಗೂ ಇಂಗೇ ಬಿರುಕು ಬುಟ್ಟಿತ್ತು. ಎಲ್ರೂ ನೋಡಿದ್ವಿ. ಯಾರೂ ಏನೂ ಮಾಡ್ಲಿಲ್ಲ."

ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳುಕು ಹುಟ್ಟಿತು. ಕಟ್ಟಡವನ್ನು ಮೆಚ್ಚುವುದು ಬೇರೆ. ಅದರ ಕೆಳಗೆ ಜನ ಕೂರಬಹುದು ಎಂದು ಸಹಿ ಹಾಕುವುದು ಬೇರೆ. ಮಹದೇವಮ್ಮನ ಮುದ್ದೆ ತಿಂದು ನನ್ನ ಕಣ್ಣು ಮಂಜಾಗಿದೆಯೇನೋ ಅನ್ನಿಸಿತು.

ಉತ್ತರೆ ಮಳೆ ಹಿಡಿದು ಹೊಡೆಯಿತು. ಪೇಟೆ ಬೀದಿಯಲ್ಲಿ ಮೊಣಕಾಲುದ್ದ ನೀರು. ಮರುದಿನ ಮಂಡಿಗೆ ಹೋದರೆ ಶಿವಣ್ಣ ಬಾಗಿಲಲ್ಲೇ ಕಾಯುತ್ತಿದ್ದರು. ಮೂಲೆಯ ಕಡೆ ಕೈ ತೋರಿಸಿದರು. ಬುಡದ ಗಾಜು ಎರಡು ಹೋಳಾಗಿತ್ತು.

"ಆಯ್ತಲ್ಲ ಮೇಡಂ. ಇನ್ನೇನು, ಬರೀರಿ."

ಮಹದೇವಮ್ಮ ಗದ್ದಿಗೆಯಿಂದ ಎದ್ದು ಬಂದು ಆ ಗಾಜನ್ನು ನೋಡಿದರು. ಆಮೇಲೆ ಆಳುಗಳನ್ನು ಕರೆದು ಆ ಕಡೆಯ ಮೂಟೆಗಳನ್ನೆಲ್ಲ ತೆಗೆಸಿದರು. ನಾನು ಆ ಮೂಲೆಗೆ ನೀಲಗಿರಿ ಮರದ ಆಸರೆ ಕೊಡಿಸಿದೆ. "ತಾತ ಕಟ್ಸಿದ್ದು ಅಂತ ಜನ ಸಾಯಕ್ಕಾಯ್ತದಾ," ಎಂದು ಅವರು ಮೆಲ್ಲಗೆ ಅಂದರು. ಯಾರಿಗೆ ಅಂದರೋ ಗೊತ್ತಾಗಲಿಲ್ಲ. "ಬರಿಯವ್ವ. ನಾನು ಬ್ಯಾಡ ಅನ್ನಕಿಲ್ಲ."

ನಾನು ಬರೆಯಲು ಕೂತೆ. ಪೆನ್ನು ಮುಂದೆ ಹೋಗಲಿಲ್ಲ. ಬುಡದ ಗಾಜು ಒಡೆದಿತ್ತು, ನಡುವಿನದು ಸಣ್ಣಗೆ ಗೀರುಬಿಟ್ಟಿತ್ತು, ಮೇಲಿನದು ಹಾಗೇ ಇತ್ತು. ಗೋಡೆ ಹೊರಕ್ಕೆ ವಾಲಿದ್ದರೆ ಮೇಲಿನದು ಮೊದಲು ಒಡೆಯಬೇಕಿತ್ತು. ಅಂದರೆ ಗೋಡೆ ವಾಲುತ್ತಿಲ್ಲ, ಆ ಮೂಲೆಯ ಬುಡ ಕುಸಿಯುತ್ತಿದೆ. ಇಷ್ಟು ಕಾಲ ಕದಲದೆ ನಿಂತ ಬುಡ, ಅದೂ ಒಂದೇ ಮೂಲೆಯಲ್ಲಿ, ಈಗ ಏಕೆ ಕುಸಿಯಬೇಕು? ಅಲ್ಲಿ ಮಾತ್ರ ಗೋಡೆ ಒದ್ದೆ. ತಾರಸಿ ಎಲ್ಲೂ ಸೋರುತ್ತಿರಲಿಲ್ಲ. ಹಾಗಾದರೆ ತಾರಸಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತಿದೆ?

ಮರುದಿನ ಇದನ್ನೇ ಮಹದೇವಮ್ಮನಿಗೆ ಕೇಳಿದೆ. ಅವರು ಯೋಚಿಸಿದರು.

"ನಾವು ಮಕ್ಕಳಾಗಿದ್ದಾಗ ಮಳೆ ಬಂದ್ರೆ ಆ ಗೋಡೆ ಮಾತಾಡೋದು ಕಣವ್ವ. ಒಳಗೆ ಗುಳುಗುಳು ಅಂತ. ನಾವು ಕಿವಿ ಇಟ್ಕೊಂಡು ಕೇಳ್ತಿದ್ವಿ. ಆಮೇಲೆ ತೊಟ್ಟಿತಾವ ಕಲ್ಲಿನ ಕಾಲುವೇಲಿ ನೀರು ಬಂದ್ಬುಡೋದು. ಅಲ್ಲಿ ಕಾಲು ಇಟ್ಕೊಂಡು ಕೂರೋದು." ಗೋಡೆಯ ಕಡೆ ತಿರುಗಿ, "ಈಚೀಚೆಗೆ ಅದು ಕೇಳಿದ್ ನೆನಪೇ ಇಲ್ಲ," ಎಂದರು.

ನಾನು ತಾರಸಿಗೆ ಓಡಿದೆ. ಮೂಲೆಯಲ್ಲಿ, ಪಾಚಿ ಕಟ್ಟಿದ ತೂತು ಹಾಕಿದ ಕಲ್ಲೊಂದಿತ್ತು. ಅದರ ಕೆಳಗೆ ಗೋಡೆಯ ಹೊಟ್ಟೆಯೊಳಗೇ ಇಳಿದು ಹೋಗುವ ಮಣ್ಣಿನ ಕೊಳವೆ. ಹೊರಗೆ ಪೈಪು ಇಲ್ಲದೆ ನೀರು ಎಲ್ಲಿ ಹೋಗುತ್ತದೆಂದು ನಾನು ಹಿಂದಿನ ದಿನದವರೆಗೂ ಕೇಳಿಕೊಂಡೇ ಇರಲಿಲ್ಲ! ಜಬ್ಬಾರ್ ಸಾಹೇಬರು ಅಂಗಡಿಯಿಂದ ಬಟ್ಟೆಗೆ ಹಾಕುವ ನೀಲಿ ತಂದುಕೊಟ್ಟರು. ಕೊಡಗಟ್ಟಲೆ ನೀರಿಗೆ ಆ ನೀಲಿ ಕಲಸಿ ಆ ತೂತಿಗೆ ಸುರಿದೆವು. ಕೊಳವೆ ಮೊದಮೊದಲು ಕುಡಿಯಿತು, ಆಮೇಲೆ ನಿಧಾನವಾಯಿತು, ಕೊನೆಗೆ ಬಾಯಿಯವರೆಗೆ ತುಂಬಿ ನಿಂತಿತು.

ಎಲ್ಲರೂ ಕೆಳಗೆ ಇಳಿದು ಬಂದೆವು. ಬೀದಿಯ ಚರಂಡಿಯಲ್ಲಿ ನೀಲಿ ಇಲ್ಲ. ತೊಟ್ಟಿಯಲ್ಲೂ ಇಲ್ಲ. ತೊಟ್ಟಿಯ ಸುತ್ತ, ಆ ಮೂಲೆಯ ಗೋಡೆಯ ಒಳಬದಿಯವರೆಗೂ, ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸ್ ಹಾಕಿದ್ದರು. ಕೆಲವು ವರ್ಷಗಳ ಹಿಂದೆ ಶಿವಣ್ಣನೇ ತಮ್ಮ ಅಂಗಡಿಯಿಂದ ತಂದು ಹಾಕಿಸಿದ್ದು. ಅಕ್ಕನಿಗೆ ಗುಡಿಸಲು, ಒರೆಸಲು ಸುಲಭವಾಗಲಿ ಎಂದು. ಆ ಮೂಲೆಯ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದೂ ಆಗಲೇ. ನಾವು ನಿಂತು ನೋಡುತ್ತಿದ್ದ ಹಾಗೆ, ಗೋಡೆಯ ಬುಡದ ಟೈಲ್ಸಿನ ಸಂದಿಯಲ್ಲಿ ಸಣ್ಣಗೆ ಒಂದು ನೀಲಿ ಗೆರೆ ಮೂಡಿತು. ಪಕ್ಕದ ಸಂದಿಗೆ ಹರಿಯಿತು. ಅಲ್ಲಿಂದ ಮುಂದಿನದಕ್ಕೆ. ಬಿಳಿ ನೆಲದ ಮೇಲೆ ಯಾರೋ ನೀಲಿ ದಾರದಲ್ಲಿ ಚೌಕ ಚೌಕ ಹೊಲಿಗೆ ಹಾಕುತ್ತಿರುವಂತಿತ್ತು.

ಶಿವಣ್ಣ ಕುಕ್ಕರಗಾಲಲ್ಲಿ ಕೂತು ಆ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಹಾರೆ ತಂದರು. ಆಳು ಮುಂದೆ ಬಂದರೆ, "ನೀ ಸರ್ಕೊ," ಎಂದು ತಾವೇ ಮೀಟಿದರು. ದುಬಾರಿ ಟೈಲ್ಸುಗಳು ಠಣ್ಣೆಂದು ಸೀಳಿ ಎದ್ದವು. ಕೆಳಗೆ ಸಿಮೆಂಟಿನ ಗಟ್ಟಿ ಪದರ. ಅದರ ಕೆಳಗೆ ಕಪ್ಪು ಕಲ್ಲಿನ ಕಾಲುವೆ. ಕೊಳವೆಯಿಂದ ನೀರು ಹೊರಬೀಳಬೇಕಾದ ಬಾಯಿಗೆ ಸಿಮೆಂಟು ಇಳಿದು ಕಲ್ಲಾಗಿತ್ತು. ಅಷ್ಟೂ ವರ್ಷಗಳ ತಾರಸಿಯ ನೀರು ಹೊರಗೆ ಹೋಗಲಾರದೆ ಗೋಡೆಯ ಬುಡದ ಮಣ್ಣಿಗೆ ಇಂಗಿತ್ತು. ಸಿಮೆಂಟ್ ಮೆತ್ತಿದ್ದರಿಂದ ಗೋಡೆಗೆ ಒಣಗಲೂ ದಾರಿ ಇರಲಿಲ್ಲ.

"ನಾನೇ ಬಾಯಿ ಮುಚ್ಚಿದ್ನಲ್ಲಕ್ಕ," ಎಂದರು ಶಿವಣ್ಣ. ಹಾರೆ ಕೈಯಲ್ಲೇ ಇತ್ತು. ಮುಖದ ತುಂಬ ಬೆವರು, ಸಿಮೆಂಟಿನ ಧೂಳು.

"ನನ್ನ ಸೊಂಟ ನೋಯ್ಬಾರ್ದು ಅಂತ ಆಕ್ಸ್ದೆ ಕಣ್ಲಾ. ಕೇಡಿಗೆ ಆಕ್ಸ್ಲಿಲ್ಲ. ತೆಗಿ, ತೆಗಿ, ಪೂರಾ ತೆಗಿ," ಎಂದರು ಮಹದೇವಮ್ಮ.

ನೀಲಿ ನೀರು ಕೊನೆಗೆ ಭೋರೆಂದು ಬಂತು. ಅದರ ಹಿಂದೆ ವರ್ಷಗಳ ಕೆಸರು, ಎಲೆ, ಹುಣಸೆ ನಾರು.

ನಾನು ವರದಿ ಬರೆದೆ. ಕೆಡವುವ ಅಗತ್ಯವಿಲ್ಲ, ಮೂಲೆಯ ಬುಡ ಭದ್ರಪಡಿಸಿ ಸುಣ್ಣದ ಗಾರೆ ಮಾಡಿಸಬೇಕು ಎಂದು. ಸಾಹೇಬರು ಓದಿ, ಕನ್ನಡಕದ ಮೇಲಿಂದ ನೋಡಿದರು.

"ಆ ಗೋಡೆ ಪಕ್ಕ ಕೂತು ನೀನು ಊಟ ಮಾಡ್ತೀಯೇನಮ್ಮ?"

"ಕೆಲಸ ಮುಗಿದ ದಿನದಿಂದ ಮಾಡ್ತೀನಿ ಸಾರ್."

ಅವರು ನಗಲಿಲ್ಲ, ಸಹಿ ಹಾಕಿದರು.

ಆಮೇಲಿನ ದಿನಗಳೇ ಆ ವಾಸನೆಯ ದಿನಗಳು. ಸುಣ್ಣದ ಕೆಲಸ ಬಲ್ಲವರನ್ನು ಶಿವಣ್ಣನೇ ಮಾಗಡಿ ಕಡೆಯಿಂದ ಹುಡುಕಿ ಕರೆತಂದರು. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿದರು. ಬೆಲ್ಲ, ಅಳಲೆಕಾಯಿ ಕೊಳೆಯಿತು. ಇಡೀ ಪೇಟೆ ಬೀದಿ ಮೂಗು ಮುಚ್ಚಿಕೊಂಡಿತು. ಬುಡದ ಸಡಿಲ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆದು ಕಲ್ಲು ತುಂಬಿದರು. ಒಂದೇ ಸಲಕ್ಕೆ ಹೆಚ್ಚು ತೆಗೆಯಬಾರದೆಂದು ನಾನು ಅಲ್ಲೇ ನಿಂತಿರುತ್ತಿದ್ದೆ. ಸಿಮೆಂಟನ್ನೆಲ್ಲ ಕೆತ್ತಿ ತೆಗೆದ ಮೇಲೆ ಗೋಡೆಯ ಹಳೆಯ ಇಟ್ಟಿಗೆಗಳು ಕಾಣಿಸಿಕೊಂಡವು. ಕೆಲವು ದಿನ ಅದನ್ನು ಹಾಗೇ ಒಣಗಲು ಬಿಟ್ಟೆವು. ಆಮೇಲೆ ಗಾರೆ. ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಕೊನೆಗೆ ಅದು ಬೆಣ್ಣೆಯ ಹಾಗೆ ಹೊಳೆಯಿತು. ಗೋಡೆಯ ಮೇಲೆ ಕೈ ಆಡಿಸುತ್ತ ಜಬ್ಬಾರ್ ಸಾಹೇಬರು, "ರೇಷ್ಮೆ ಮೇಡಂ, ಪೂರಾ ರೇಷ್ಮೆ," ಎಂದು ಅಳತೆ ಟೇಪು ಕೊರಳಲ್ಲಿ ಸರಿ ಮಾಡಿಕೊಂಡರು. ಅವರ ಮೆಷೀನು ತನ್ನ ಮೂಲೆಗೆ ವಾಪಸು ಹೋಯಿತು.

ನಿಜವಾದ ಪರೀಕ್ಷೆ ಇನ್ನೂ ಇತ್ತು. ನಾನು ಹೊಸ ಗಾಜುಗಳನ್ನು ಅಂಟಿಸಿದ್ದೆ. ಚಿತ್ತೆ ಮಳೆ ಒಂದು ಮಧ್ಯಾಹ್ನ ಕತ್ತಲು ಕವಿದು ಬಂತು. ಕಚೇರಿಯಲ್ಲಿ ಕೂರಲಾಗದೆ ಛತ್ರಿ ಹಿಡಿದು ಓಡಿದೆ. ಛತ್ರಿ ದಾರಿಯಲ್ಲೇ ಮಗುಚಿಕೊಂಡಿತು. ಮಂಡಿಯೊಳಗೆ ಹೋದಾಗ ನಾನು ತೊಯ್ದು ತೊಪ್ಪೆಯಾಗಿದ್ದೆ. ತೊಟ್ಟಿಯಲ್ಲಿ ಆಕಾಶವೇ ಸುರಿಯುತ್ತಿತ್ತು. ಕೊಳ್ಳಲು ಬಂದವರು, ಮಳೆಗೆ ನಿಂತವರು, ಆಳುಗಳು ಎಲ್ಲ ಸುತ್ತ ಒಣ ನೆಲದಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಮಹದೇವಮ್ಮ ಮೂಲೆಯ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದರು.

"ಬಾರ್ಲಾ ಶಿವು, ಬಾ ಇಲ್ಲಿ! ಕೇಳು!"

ಶಿವಣ್ಣ ಅನುಮಾನಿಸುತ್ತ ಹೋದರು. ಗೋಡೆಗೆ ಮೊದಲು ಅಂಗೈ ಇಟ್ಟರು, ಆಮೇಲೆ ಕಿವಿ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ನಾನೂ ಹೋಗಿ ಕಿವಿ ಇಟ್ಟೆ. ಗೋಡೆಯೊಳಗೆ ನೀರು ನಗುತ್ತ ಇಳಿಯುತ್ತಿತ್ತು. ಕಾಲುವೆಯಲ್ಲಿ ತಿಳಿಯಾಗಿ ಹರಿದು ಬೀದಿಗೆ ಹೋಗುತ್ತಿತ್ತು. ಗಾಜುಗಳಲ್ಲಿ ಒಂದೂ ಒಡೆದಿರಲಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಒಡೆಯಲಿಲ್ಲ.

ಹೊಸ ರಾಗಿ ಬರುವ ಹೊತ್ತಿಗೆ ನನಗೆ ವರ್ಗವಾಯಿತು. ಹೊರಡುವ ವಾರ ಶಿವಣ್ಣ ಕಚೇರಿಗೆ ಬಂದರು. ಹೊಸ ಶರ್ಟು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಕಾಂಪ್ಲೆಕ್ಸಿನ ನಕ್ಷೆಯೇ ಇರಬೇಕೆಂದುಕೊಂಡೆ. ಬಿಡಿಸಿದರೆ ಅದು ಮಂಡಿಯದಲ್ಲ. ಬೆಂಗಳೂರು ರಸ್ತೆಯಲ್ಲಿ ಅವರು ಕಟ್ಟಲಿದ್ದ ಹೊಸ ಷೋರೂಮಿನದು. ಮುಂದೆಲ್ಲ ಗಾಜು, ಒಳಗೆ ಉದ್ದಕ್ಕೂ ಹಾಲು, ಇಂಚು ಜಾಗವನ್ನೂ ಬಿಡದೆ ತುಂಬಿದ್ದರು. ಅವರ ಡ್ರಾಫ್ಟ್ಸ್‌ಮನ್ನು ಚೆನ್ನಾಗಿಯೇ ಬರೆದಿದ್ದ. ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಹಾಗೆಂದು ಹೇಳಿದೆ.

ಶಿವಣ್ಣ ಎದ್ದು ಹೋಗಲಿಲ್ಲ. ನಕ್ಷೆಯ ತುದಿಯನ್ನು ಮಡಚುತ್ತ, ಬಿಡಿಸುತ್ತ ಕೂತರು.

"ಈ ನಕ್ಷೆ ಬರ್ದವ್ನಿಗೆ ಏಳಿದ್ರೆ ನಗ್ತಾನೆ ಮೇಡಂ. ಜಾಗ ವೇಸ್ಟು ಅಂತಾನೆ. ನೀವೇ ಒಸಿ ಗುರುತು ಆಕ್ಕೊಡಿ."

"ಏನು ಗುರುತು?"

"ಮಧ್ಯದಲ್ಲಿ ಒಸಿ ಆಕಾಶ ಬುಡ್ಬೇಕು."

ನಾನು ಪೆನ್ಸಿಲ್ ತೆಗೆದುಕೊಂಡೆ. ಆ ಉದ್ದನೆಯ ಹಾಲಿನ ನಟ್ಟನಡುವೆ ಇಟ್ಟು, "ಎಷ್ಟು ಬಿಡೋಣ?" ಎಂದು ಕೇಳಿದೆ.

ಅವರು ಕಿಟಕಿಯಾಚೆ ನೋಡುತ್ತ ಲೆಕ್ಕ ಹಾಕಿದರು.

"ನಾಕ್ ಜನ ನಿಂತ್ರೆ ನೆನೀಬೇಕು," ಎಂದರು. "ಅಷ್ಟು ಬುಡಿ ಸಾಕು."